ರಟ್ಟರ ನಾಡಿನ ಕಂದಪದ್ಯವೂ ಪ್ರಸ್ತಾರದ ಎಣಿಕೆಯೂ

ಸವದತ್ತಿಯ ಪ್ರಾಚೀನ ನಾಮವು ಸುಗಂಧವರ್ತಿ. ಅದು ರಟ್ಟರಾಜರ ಮೊದಲಿನ ರಾಜಧಾನಿಯಾಗಿದ್ದಿತೆಂಬುದು ಶಾಸನಗಳಿಂದ ಸುವಿದಿತವು. ರಟ್ಟರ ಆಶ್ರಯವನ್ನು ಪಡೆದ ಪಾರ್ಶ್ವಪಂಡಿತನು 1222ರಲ್ಲಿ ಪಾರ್ಶ್ವನಾಥಪುರಾಣವೆಂಬ ಚಂಪೂಕಾವ್ಯವನ್ನು ರಚಿಸಿದನು. ಇಂಥ ಚಂಪುಗಳಲ್ಲಿಯೂ ಆ ಕಾಲದ ಶಾಸನಗಳಲ್ಲಿಯೂ ಕಂದಪದ್ಯವು ಹೇರಳವಾಗಿ ದೊರೆಯುವದು. ಕಂದವೆಂಬುದು ಪ್ರಾಕೃತದ ಸ್ಕಂಧಕ, ಸಂಸ್ಕೃತದ ಆರ್ಯಾಗೀತಿಗಳ ಪಡಿಯಚ್ಚು ಮಾತ್ರವೆಂದು ಭಾವಿಸುವದುಂಟು. ಈ ಭಾವನೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪ್ರಸ್ತಾರದ ಲೆಕ್ಕದಿಂದ ಪರೀಕ್ಷಿಸಬಹುದು. ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮನು ಛಂದೋಂಬುಧಿಯಲ್ಲಿ ಪ್ರಸ್ತಾರಾದಿ ಷಟ್ಪ್ರತ್ಯಯಗಳನ್ನು ನಿರೂಪಿಸಿರುವನಾದುದರಿಂದ ಈ ಮಾರ್ಗವು ಕನ್ನಡಕ್ಕೆ ಹೊಸದಲ್ಲ.

ನಾಲ್ಕು ಮಾತ್ರೆಯ ಗಣಕ್ಕೆ ರೂಪಗಳು ಐದೇ: ಎರಡು ಗುರು, ಗುರುವು ಆದಿ, ಮಧ್ಯ, ಅಂತ್ಯಗಳಲ್ಲಿರುವ ಮೂರು, ಸರ್ವಲಘು. ಕಂದದ ಅರ್ಧಕ್ಕೆ ಗಣಗಳು ಎಂಟು. ನಿಯಮವಿಲ್ಲದಿದ್ದರೆ ಭೇದಗಳು 3,90,625 ಆಗಬೇಕು. ಆದರೆ ವಿಷಮಸ್ಥಾನಗಳಲ್ಲಿ ಮಧ್ಯಗುರುವಾದ ಜಗಣವು ನಿಷಿದ್ಧ, ಆರನೆಯದು ಜಗಣ ಇಲ್ಲವೆ ಸರ್ವಲಘು, ಎಂಟನೆಯದು ಗುರ್ವಂತ. ಆಗ ಕ್ರಮವಾಗಿ 4, 5, 4, 5, 4, 2, 4, 2 ಇವುಗಳ ಗುಣಲಬ್ಧವು 25,600. ಜಗಣಕ್ಕೆ ಎರಡು, ನಾಲ್ಕು, ಆರನೆಯ ಸ್ಥಾನಗಳು ಮಾತ್ರ ಉಳಿಯುವದರಿಂದ ಎರಡು ಜಗಣಗಳು ಒಂದರ ಬೆನ್ನಿಗೊಂದು ಬರಲಾರವು. ಜಗಣವಿಲ್ಲದ ಅರ್ಧಗಳು 8,192, ಒಂದುಳ್ಳವು 12,288, ಎರಡುಳ್ಳವು 4,608, ಮೂರುಳ್ಳವು 512. ಇವುಗಳ ಮೊತ್ತವು 25,600 ಆಗಿ ಲೆಕ್ಕವು ತಾಳೆಯಾಗುವದು. ಎರಡು ಅರ್ಧಗಳು ಕೂಡಿದರೆ 65,53,60,000.

ಇಷ್ಟರವರೆಗೆ ಕಂದಕ್ಕೂ ಆರ್ಯಾಗೀತಿಗೂ ಭೇದವಿಲ್ಲ. ಕನ್ನಡದಲ್ಲಿ ಆದಿಪ್ರಾಸವು ಅನಿವಾರ್ಯ. ಪ್ರಾಸಾಕ್ಷರದ ಹಿಂದಿನ ಅಕ್ಷರವು ಸಿಂಹಪ್ರಾಸದಲ್ಲಿ ಲಘು, ಗಜಾದಿಗಳಲ್ಲಿ ಗುರು. ಆದುದರಿಂದ ನಾಲ್ಕು ಪಾದಗಳೂ ಗುರುವಿನಿಂದಲೇ ಇಲ್ಲವೆ ಲಘುವಿನಿಂದಲೇ ಆರಂಭವಾಗಬೇಕು. ಅರ್ಧದ ಎರಡು ಪಾದಗಳೂ ಗುರ್ವಾದಿಯಾಗಿರುವ ಭೇದಗಳು 5,120, ಲಘ್ವಾದಿಯಾಗಿರುವವು 7,680. ಇವುಗಳ ವರ್ಗಗಳ ಮೊತ್ತವು 8,51,96,800. ಎಂದರೆ ಆರ್ಯಾಗೀತಿಗೆ ಸಲ್ಲುವ ಎಂಟು ರೂಪಗಳಲ್ಲಿ ಸುಮಾರು ಒಂದು ಮಾತ್ರವೇ ಕನ್ನಡ ಕಂದಕ್ಕೆ ಸಲ್ಲುವದು. ಹೊರಗಿನಿಂದ ಬಂದ ಛಂದಸ್ಸನ್ನು ಕನ್ನಡವು ತನ್ನ ಕಟ್ಟಳೆಗೆ ಒಳಪಡಿಸಿಕೊಂಡಿತೆಂಬುದಕ್ಕೆ ಇದು ಸಾಕ್ಷಿ.

ಶಾಸನಪಾಠದಲ್ಲಿ ಈ ವಿಚಾರಕ್ಕೆ ಪ್ರಯೋಜನವುಂಟು. ಕಲ್ಲು ಸವೆದು ಕಂದದ ಒಂದು ಪಾದದ ಮೊದಲ ಅಕ್ಷರವು ಅಳಿದಿದ್ದರೆ, ಅದರ ಗುರುಲಘುತ್ವವನ್ನು ಉಳಿದ ಪಾದಗಳೇ ತಿಳಿಸುವವು. ಬಿಟ್ಟ ಸ್ಥಳದಲ್ಲಿ ವಿಷಮಗಣವು ಜಗಣವಾಗುವಂತೆ ಊಹಿಸಿದ ಪಾಠವು ಅರ್ಥಕ್ಕೆ ಎಷ್ಟು ಒಪ್ಪಿದರೂ ತ್ಯಾಜ್ಯ. ಅಳಿದ ಅಕ್ಷರವು ಇಂಥದೇ ಎಂದು ಎಣಿಕೆಯು ಹೇಳಲಾರದು. ಎಂಥದು ಆಗಲಾರದೆಂಬುದನ್ನು ನಿಶ್ಚಯವಾಗಿ ಹೇಳುವದು.