ಅರಗಿನ ತಟ್ಟೆ ಮತ್ತು ಸ್ಪಿರಿಟ್ಟಿನ ಹತ್ತಿ

ನನ್ನ ಹಳೆಯ ಶಿಷ್ಯನೊಬ್ಬ ತನ್ನ ಅಜ್ಜನ ಕಾಲದ ಗ್ರಾಮಫೋನ್ ತಟ್ಟೆಗಳನ್ನು ಅಟ್ಟದಿಂದ ಇಳಿಸಿದ್ದಾನೆ. "ಮೇಷ್ಟ್ರೇ, ಇವನ್ನು ಯಾವುದರಿಂದ ಒರೆಸಲಿ? ಚೆನ್ನಾಗಿವೆಯೋ ಇಲ್ಲವೋ ತಿಳಿಯುವುದು ಹೇಗೆ?" ಎಂದು ಕೇಳಿದ್ದಾನೆ. ಉತ್ತರಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಬಹಳ ವರ್ಷಗಳ ಹಿಂದೆ, ತಂದೆಯವರು ಜೋಪಾನವಾಗಿಟ್ಟಿದ್ದ ನಾಟಕದ ಹಾಡಿನ ಪ್ಲೇಟೊಂದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಪ್ಪಾದಷ್ಟೂ ಕೊಳೆ ಹೋಗುತ್ತಿದೆಯೆಂದು ಹಿಗ್ಗಿದೆ. ಕರಗುತ್ತಿದ್ದುದು ತಟ್ಟೆಯೇ ಎಂದು ತಿಳಿದದ್ದು ಅದರ ಮೈ ಮಂಕಾಗಿ ಅಂಟಂಟಾದ ಮೇಲೆ. ಆ ವರ್ಷವೂ ನಾನು ತರಗತಿಯಲ್ಲಿ ದ್ರಾವಕಗಳ ಪಾಠ ಹೇಳಿದ್ದೆ! ಬಡಗಿಗಳು ಮರಕ್ಕೆ ಪಾಲಿಷ್ ಹಾಕಲು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುವುದನ್ನೂ ಕಂಡಿದ್ದೆ. ಆದರೆ ಹಾಡುವ ತಟ್ಟೆಯೂ ಅರಗಿನದೇ ಎಂಬುದು ಹೊಳೆಯಲಿಲ್ಲ. ತಂದೆಯವರು ಏನೂ ಅನ್ನಲಿಲ್ಲ. ತಟ್ಟೆಯನ್ನು ಮತ್ತೆ ಅದರ ಲಕೋಟೆಯಲ್ಲಿಟ್ಟರು.

1887ರಲ್ಲಿ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ರೂಪಿಸಿದರು. ಮುಂದೆ ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ತಟ್ಟೆ ಒತ್ತುವ ರೂಢಿ ಬಂತು. ಆ ಅರಗು ಬಹುಪಾಲು ನಮ್ಮ ದೇಶದ ಮರಗಳ ಕೀಟದಿಂದ ಬಂದದ್ದು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದರು. ತಟ್ಟೆಗಳು ಅಚ್ಚಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಆಕೆ 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಆ ಕಂಠ ನಮಗೆ ಉಳಿದಿರುವುದು ಇಂಥ ಅರಗಿನ ತಟ್ಟೆಗಳಿಂದ.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುವ ವಿನೈಲ್ ಎಲ್‌ಪಿಯನ್ನು ಹೊರತಂದಿತು. ವಿನೈಲ್ ಹಗುರ, ಬಾಗುತ್ತದೆ. ಅರಗಿನದು ಭಾರ, ಬಿದ್ದರೆ ಒಡೆಯುತ್ತದೆ. ಒರೆಸುವ ಮೊದಲು ಈ ಭೇದ ತಿಳಿದಿರಬೇಕು. ವಿನೈಲಿಗೆ ಬಟ್ಟಿಯಿಳಿಸಿದ ನೀರಿನಲ್ಲಿ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಬಹುದು. ಅರಗಿನ ತಟ್ಟೆಗೆ ಅದು ವಿಷ. ಅದಕ್ಕೆ ಬಟ್ಟಿಯಿಳಿಸಿದ ನೀರು, ಒಂದು ಹನಿ ಸೌಮ್ಯವಾದ ಸೋಪಿನ ದ್ರವ, ಮೃದುವಾದ ಬ್ರಷ್ ಸಾಕು. ಗೆರೆಗಳ ಗುಂಟವೇ ಸುತ್ತಿ ತೊಳೆಯಬೇಕು. ನಡುವಿನ ಚೀಟಿ ನೆನೆಯಬಾರದು. ತಟ್ಟೆಯನ್ನು ನೀರಿನಲ್ಲಿ ನೆನೆಹಾಕದೆ ಕೂಡಲೇ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಆರಿಸಬೇಕು.

ಇನ್ನು ಪರೀಕ್ಷೆ. ಮೊದಲು ಮುಳ್ಳನ್ನು ನೋಡಿರಿ: 78 ಸುತ್ತಿನ ತಟ್ಟೆಯ ಗೆರೆಗೆ ಸುಮಾರು ಸಾವಿರದ ಮೂರಂಶ ಅಂಗುಲದ ತುದಿ ಬೇಕು, ಎಲ್‌ಪಿಗೆ ಅದರ ಮೂರನೆಯ ಒಂದು ಪಾಲು ಅಥವಾ ಇನ್ನೂ ಕಡಿಮೆ. ತೊಳೆದ ಮೇಲೆ ಮಾಯವಾಗುವ ಚಟಪಟ ಸದ್ದು ಧೂಳಿನದು. ತಾಳ ಹಾಕಿದಂತೆ ಮರಳಿ ಮರಳಿ ಬರುವ ಟಕ್ ಸದ್ದು ಗೀರಿನದು. 78ರಲ್ಲಿ ಅದು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ, ಎಲ್‌ಪಿಯಲ್ಲಿ ಸುಮಾರು 1.8 ಸೆಕೆಂಡಿಗೊಮ್ಮೆ ಕೇಳುತ್ತದೆ. ತಾರಸ್ಥಾಯಿಯಲ್ಲಿ ದನಿ ಒಡೆದರೆ ಗೆರೆ ಸವೆದಿದೆ. ಯಾವ ನೀರೂ ಅದನ್ನು ತುಂಬಿಕೊಡದು. ಮಳೆಯಂತೆ ಎಡೆಬಿಡದ ಸುಯ್ ಎಂಬ ಸದ್ದಿನಲ್ಲಿ ಬಹುಪಾಲು ಆ ಕಲ್ಲಿನ ಪುಡಿಯದು. 1925ಕ್ಕೆ ಮುಂಚಿನ ತಟ್ಟೆಯಲ್ಲಿ ಮಂದ್ರವೂ ಅತಿ ಸೂಕ್ಷ್ಮ ನಾದವೂ ಕೇಳದಿದ್ದರೆ ಅದು ತಟ್ಟೆಯ ದೋಷವಲ್ಲ; ಮೈಕ್ರೊಫೋನ್ ಇಲ್ಲದೆ, ಕಹಳೆಯ ಮುಂದೆ ಹಾಡಿದ ಕಾಲವದು.

ಧೂಳನ್ನು ತೆಗೆಯಬಹುದು, ಕಾಲವನ್ನು ತೆಗೆಯಲಾಗದು. ಎರಡನ್ನೂ ಒಂದೇ ಎಂದುಕೊಂಡು ಉಜ್ಜಿದ್ದರಿಂದಲೇ ನಾನು ಕೆಟ್ಟೆ. ಆ ಮಂಕು ಪ್ಲೇಟು ಈಗಲೂ ನನ್ನ ಬಳಿ ಇದೆ. ಪಲ್ಲವಿ ಅಳಿಸಿಹೋಗಿದೆ; ಒಳಸುತ್ತಿನಲ್ಲಿ ಕೊನೆಯ ಚರಣ ಮಾತ್ರ ಕೇಳುತ್ತದೆ.

ನಿಮ್ಮ ಅಟ್ಟದಲ್ಲಿ ಇಂಥವಿದ್ದರೆ, ಹತ್ತಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಈ ಮೇಷ್ಟ್ರನ್ನು ಒಮ್ಮೆ ನೆನೆಯಿರಿ.