ಶಾಲೆಯ ಅಂಕಿ-ಅಂಶಗಳನ್ನು ಓದುವ ಬಗೆ

ಅಮೆರಿಕದಲ್ಲಿ ಸಾರ್ವಜನಿಕ ಪ್ರೌಢಶಾಲೆಯೊಂದರ ಗುಣಮಟ್ಟವನ್ನು ಪೋಷಕರು ಸಾಮಾನ್ಯವಾಗಿ ಅಳೆಯುವುದು ಪರೀಕ್ಷೆಯ ಸರಾಸರಿ ಅಂಕದಿಂದ. ಮನೆ ಕೊಳ್ಳುವ ನಿರ್ಧಾರವೂ ಅನೇಕ ವೇಳೆ ಅದನ್ನೇ ಅವಲಂಬಿಸುತ್ತದೆ. ಆದರೆ ಆ ಸಂಖ್ಯೆಯಲ್ಲಿ ಬೋಧನೆಯ ಫಲದೊಡನೆ ಮಕ್ಕಳ ಮನೆಯ ಸ್ಥಿತಿಗತಿಯೂ ಬೆರೆತಿರುತ್ತದೆ. ಸುಮಾರು 6 ಲಕ್ಷ ವಿದ್ಯಾರ್ಥಿಗಳನ್ನು ಸಮೀಕ್ಷಿಸಿದ 1966ರ ಕೋಲ್ಮನ್ ವರದಿ ಕಲಿಕೆಗೂ ಕುಟುಂಬದ ಹಿನ್ನೆಲೆಗೂ ಇರುವ ಬಲವಾದ ನಂಟನ್ನು ತೋರಿಸಿತು.

ಉಲ್ಬಣಗೊಂಡ ರೋಗಿಗಳನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಸಾವುಗಳು ಹೆಚ್ಚಿದ್ದ ಮಾತ್ರಕ್ಕೆ ಚಿಕಿತ್ಸೆ ಕಳಪೆಯೆನ್ನಲಾಗದು. ರೋಗದ ತೀವ್ರತೆಯನ್ನು ಗಣಿಸಿಯೇ ಹೋಲಿಸಬೇಕು. ಶಾಲೆಗೂ ಇದೇ ನ್ಯಾಯ.

2015ರ ಫೆಡರಲ್ ಶಿಕ್ಷಣ ಕಾಯ್ದೆಯಂತೆ ವಾರ್ಷಿಕ ವರದಿಯಲ್ಲಿ ಜನಾಂಗ, ಬಡತನ, ಅಂಗವೈಕಲ್ಯ, ಇಂಗ್ಲಿಷ್ ಕಲಿಕೆ ಇವುಗಳಿಗನುಗುಣವಾಗಿ ಫಲಿತಾಂಶಗಳನ್ನು ಬೇರೆ ಬೇರೆಯಾಗಿ ಕೊಡಬೇಕು. ಮೊದಲು ಅವನ್ನು ಓದಬೇಕು. ಅನಂತರ ನಾಲ್ಕು ವರ್ಷಗಳಲ್ಲಿ ಡಿಪ್ಲೊಮಾ ಪಡೆದವರ ಹಾಗೂ ಪದೇ ಪದೇ ಗೈರುಹಾಜರಾಗುವವರ ಪ್ರಮಾಣವನ್ನು.

ಎರಡು ಎಚ್ಚರಿಕೆಗಳು ಅಗತ್ಯ. ಉಚಿತ ಊಟ ಪಡೆಯುವವರ ಸಂಖ್ಯೆ ಎಲ್ಲೆಡೆ ಬಡತನದ ಅಳತೆಯಲ್ಲ. ಕೆಲವು ಶಾಲೆಗಳಲ್ಲಿ ಅದು ಎಲ್ಲರಿಗೂ ಲಭ್ಯ. ‘ಏಷ್ಯನ್’ ಎಂಬ ಒಂದೇ ಹೆಸರಿನಡಿ ಎಂಜಿನಿಯರರ ಮಕ್ಕಳೂ ನಿರಾಶ್ರಿತರ ಮಕ್ಕಳೂ ಸೇರಿರುತ್ತಾರೆ.

ಉತ್ತಮ ಸರಾಸರಿಯ ಶಾಲೆಯಲ್ಲಿಯೂ ಹಿಂದುಳಿದ ಮಗು ಕಣ್ಮರೆಯಾಗಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಅಂಕವೆಷ್ಟು ಎಂಬುದಲ್ಲ. ಒಳಬಂದ ಮಕ್ಕಳು ಅಲ್ಲಿಂದ ಎಷ್ಟು ಮುಂದೆ ಸಾಗಿದರು ಎಂಬುದು.