ಗುದನಾಳದ ಗಾಯ: ತುರ್ತು ಶಸ್ತ್ರಚಿಕಿತ್ಸೆಯ ಇತಿಹಾಸ

ಗುದನಾಳ ಹರಿದು, ರಕ್ತದೊತ್ತಡವೂ ಕುಸಿದ ರೋಗಿಯ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಕಲಿತದ್ದು ಬಹುಪಾಲು ಯುದ್ಧಭೂಮಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲೂ ಸೇನಾ ಆಸ್ಪತ್ರೆಗಳ ದೊಡ್ಡ ಶಿಬಿರವಿತ್ತು. ಅದೇ ಕಾಲದಲ್ಲಿ ಆಫ್ರಿಕಾದ ಮರುಭೂಮಿಯ ಗಾಯಾಳುಗಳನ್ನು ಕಂಡ ಬ್ರಿಟಿಷ್ ಸರ್ಜನ್ ಓಗಿಲ್ವಿ ಕೊಲಾಸ್ಟಮಿಯ ಪರ ವಾದಿಸಿದರು. ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲ ಗಾಯದತ್ತ ಇಳಿಯದಂತೆ ಬೇರೆ ದಾರಿಗೆ ತಿರುಗಿಸುವ ವಿಧಾನವಿದು. 1943ರಲ್ಲಿ ಅಮೆರಿಕದ ಸೇನೆ ಅದನ್ನು ಕಡ್ಡಾಯವನ್ನಾಗಿಯೇ ಮಾಡಿತು. ವಿಯೆಟ್ನಾಂ ಯುದ್ಧದ ಹೊತ್ತಿಗೆ ಗುದನಾಳದ ಹಿಂದೆ ಕೊಳವೆ ಇಡುವುದು, ಕರುಳಿನ ಕೆಳಭಾಗವನ್ನು ತೊಳೆಯುವುದು, ಹರಿದದ್ದನ್ನು ಹೊಲಿಯುವುದು ಎಲ್ಲವೂ ಸೇರಿಕೊಂಡವು.

ಆಮೇಲಿನ ಕಥೆ ಕೈಬಿಡುತ್ತ ಬಂದ ಕಥೆ. ಮೈ ತಣ್ಣಗಾಗಿ, ರಕ್ತ ಹೆಪ್ಪುಗಟ್ಟದ ರೋಗಿಯ ಮೇಲೆ ಗಂಟೆಗಟ್ಟಲೆ ಆಪರೇಷನ್ ಮಾಡಿದರೆ ಆತ ಮೇಜಿನ ಮೇಲೇ ಸಾಯಬಹುದು. 1983ರಲ್ಲಿ ಅಟ್ಲಾಂಟಾದ ಸರ್ಜನ್ ಸ್ಟೋನ್ ಇದಕ್ಕೊಂದು ದಾರಿ ತೋರಿದರು. 1993ರಲ್ಲಿ ರೊಟಾಂಡೊ ಮತ್ತು ಸಂಗಡಿಗರು ಅದನ್ನು 'ಡ್ಯಾಮೇಜ್ ಕಂಟ್ರೋಲ್' ಎಂದು ಕರೆದರು: ರಕ್ತ ನಿಲ್ಲಿಸು, ತೂತು ಮುಚ್ಚು, ಹೊಟ್ಟೆಯನ್ನು ಹೊಲಿಯದೆ ಐಸಿಯುಗೆ ಕಳಿಸು. ಮೈ ಬೆಚ್ಚಗಾದ ಮೇಲೆ, ಒಂದೆರಡು ದಿನ ಬಿಟ್ಟು, ಮತ್ತೆ ಒಳಗೆ ಹೋಗು. ಕೊಲಾಸ್ಟಮಿಯೂ ಆವರೆಗೆ ಕಾಯಬಹುದು. ಸೊಂಟದ ಗೂಡಿನ ಆಳದಲ್ಲಿರುವ ಗಾಯವನ್ನು ಹುಡುಕಿ ಕೆದಕುವುದಂತೂ ಬೇಡ. 1998ರಲ್ಲಿ 48 ರೋಗಿಗಳ ಪ್ರಯೋಗವೊಂದರಲ್ಲಿ ಕೊಳವೆಯಿಂದ ಲಾಭ ಕಾಣಲಿಲ್ಲ. 2016ರ ಅಮೆರಿಕದ ಮಾರ್ಗಸೂಚಿ ಕೊಳವೆ, ತೊಳೆತ ಎರಡನ್ನೂ ಬದಿಗಿಟ್ಟು ಕೊಲಾಸ್ಟಮಿಯನ್ನು ಉಳಿಸಿಕೊಂಡಿತು.

ಯುದ್ಧಭೂಮಿಯಾಚೆ, ಕಾರ್ಖಾನೆಗಳಲ್ಲೂ ಈ ಗಾಯದ ಇನ್ನೊಂದು ಅಧ್ಯಾಯವಿದೆ. ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು; ಆಮೇಲೆ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಲೇತಿನ ಲೋಹದ ಚೂರು ಊದಲು ಇಟ್ಟ ಏರ್ ಗನ್ನನ್ನು ಶಿಫ್ಟ್ ಮುಗಿದ ಮೇಲೆ ಬಟ್ಟೆಯ ಧೂಳಿಗೂ ತಿರುಗಿಸುವುದುಂಟು. ತಮಾಷೆಗೆ ಗೆಳೆಯನ ಹಿಂಭಾಗಕ್ಕೂ. ದೊಡ್ಡ ಕರುಳು ಒಡೆಯಲು ಚದರ ಇಂಚಿಗೆ ಸುಮಾರು 4 ಪೌಂಡ್ ಒತ್ತಡ ಸಾಕು. ವರ್ಕ್‌ಶಾಪಿನ ಲೈನಿನಲ್ಲಿ ಅದರ ಇಪ್ಪತ್ತು ಪಟ್ಟು ಇರುವುದು ಮಾಮೂಲು. ಬಟ್ಟೆ ಅಡ್ಡವಿದ್ದರೂ ಗಾಳಿ ಒಳಗೆ ನುಗ್ಗುತ್ತದೆ. ಇಂಥ ಗಾಯದ ಮೊದಲ ವರದಿ 1904ರದು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಸಂಪಿಗೆಹಳ್ಳಿ ಠಾಣೆ ವ್ಯಾಪ್ತಿಯ ವಾಹನ ಸರ್ವೀಸ್ ಸೆಂಟರೊಂದರಲ್ಲಿ ಗೆಳೆಯ ಹೀಗೆ ಗಾಳಿ ಬಿಟ್ಟಿದ್ದರಿಂದ 24ರ ಯುವಕ ತೀರಿಕೊಂಡ.

ಇಂಥ ರೋಗಿ ಕುಸಿಯುವುದು ಬರೀ ರಕ್ತಸ್ರಾವದಿಂದಲ್ಲ. ಹೊಟ್ಟೆ ತಮಟೆಯಂತೆ ಬಿಗಿದು, ವಪೆಯನ್ನು ಮೇಲಕ್ಕೊತ್ತಿ ಉಸಿರು ಕಟ್ಟಿಸುತ್ತದೆ. ಹೃದಯಕ್ಕೆ ರಕ್ತ ಮರಳುವುದೂ ಕಡಿಮೆಯಾಗುತ್ತದೆ. ಆಗ ಚಾಕುವಿಗಿಂತ ಮೊದಲು ಬೇಕಾದದ್ದು, ಹೊಟ್ಟೆಗೆ ಚುಚ್ಚಿ ಗಾಳಿ ಹೊರಬಿಡುವ ಒಂದು ದಪ್ಪ ಸೂಜಿ.